ಕೋವಿ ಲೆಕ್ಕ: ಕಾಡಂಚಿನ ಚರ್ಚೆಯಲ್ಲಿ ಯಾವ ಅಂಕಿ ನಂಬೋದು, ಯಾವುದನ್ನು ಬಿಡೋದು?

ಕೊಳ್ಳೇಗಾಲ: ಚುನಾವಣೆ ಘೋಷಣೆ ಆಯ್ತು ಅಂದ್ರೆ ಸಾಕು, ಲೈಸೆನ್ಸ್ ಕೋವಿ ಇಟ್ಟುಕೊಂಡವರು ಅದನ್ನು ತಂದು ಠಾಣೆಗೆ ಒಪ್ಪಿಸಬೇಕು. ಪರಿಶೀಲನಾ ಸಮಿತಿ ವಿನಾಯಿತಿ ಕೊಟ್ಟವರಷ್ಟೇ ಇದರಿಂದ ಪಾರು. ಉಳಿದವರ ಕೋವಿ ವಾಪಸ್ ಸಿಗೋದು ಫಲಿತಾಂಶ ಬಂದ ಮೇಲೆ. ಅಲ್ಲಿವರೆಗೆ ಹೊಲಕ್ಕೆ ಬರುವ ಆನೆ, ಹಂದಿಗಳು ಮಾತ್ರ ಯಾವ ನೀತಿಸಂಹಿತೆಯನ್ನೂ ಪಾಲಿಸೋದಿಲ್ಲ.

ಹನೂರು, ಕೊಳ್ಳೇಗಾಲ, ಯಳಂದೂರು ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ಈ ವಾದ ಹೊಸದೇನಲ್ಲ. ಮುಸುಕಿನ ಜೋಳ, ರಾಗಿ, ಕಬ್ಬು, ಬಾಳೆ ಕೈಗೆ ಬರುವ ಹೊತ್ತಿಗೆ ಅಟ್ಟಣೆ ಮೇಲೆ ರಾತ್ರಿ ಕಳೆಯುವ ರೈತ, ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸ್ ಸುಲಭ ಮಾಡಿ ಅಂತಾನೆ. ಅರಣ್ಯ ಇಲಾಖೆ ಮತ್ತು ವನ್ಯಜೀವಿ ಪರ ಇರುವವರು, ಕಾಡಿನ ಬಾಯಲ್ಲಿ ಕೋವಿ ಹೆಚ್ಚಿದರೆ ಬೇಟೆ ಹೆಚ್ಚುತ್ತೆ ಅಂತಾರೆ. ಇಬ್ಬರ ಕೈಯಲ್ಲೂ ಅಂಕಿ ಅಂಶ ಇದೆ. ಒಬ್ಬರು ಆನೆ ದಾಳಿಯ ಸಾವು ತೋರಿಸಿದರೆ, ಇನ್ನೊಬ್ಬರು ವಶಪಡಿಸಿಕೊಂಡ ನಾಡಬಂದೂಕುಗಳ ಫೋಟೊ ತೋರಿಸ್ತಾರೆ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಇಬ್ಬರು ಹೇಳುವ ಅಂಕಿಗಳೂ ಬಹುತೇಕ ನಿಜವೇ. ಆದರೆ ಅವು ಕೇಳಿದ ಪ್ರಶ್ನೆಗೆ ಉತ್ತರ ಕೊಡೋದಿಲ್ಲ. ಕೋವಿ ಇದ್ದರೆ ಬೆಳೆ ಉಳಿಯುತ್ತಾ? ಕೋವಿ ಇಲ್ಲದಿದ್ದರೆ ಕಾಡು ಉಳಿಯುತ್ತಾ? ಈ ಎರಡಕ್ಕೂ ನೇರ ಉತ್ತರ ಕೊಡುವ ಲೆಕ್ಕ ಜನರ ಮುಂದೆ ಬಂದಿಲ್ಲ.

ಲೈಸೆನ್ಸ್ ಕಡಿಮೆ ಅಂದ್ರೆ ಕೋವಿ ಕಡಿಮೆ ಅಂತಲ್ಲ

ಮೊದಲು ಕಾನೂನು ನೋಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್‌ನಲ್ಲೇ ಬೆಳೆ ರಕ್ಷಣೆಯ ಮಾತಿದೆ. ನಿಜವಾಗಿ ಬೆಳೆ ಕಾಯೋದಕ್ಕೆ ಬೇಕಾದರೆ, ನಳಿಕೆಯ ಬಾಯಿಂದ ಮದ್ದು ತುಂಬುವ ಹಳೇ ಮಾದರಿಯ ಕೋವಿಗೆ ಲೈಸೆನ್ಸ್ ಕೊಡಬೇಕು. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಬೇರೆ ಕೋವಿಗೂ ಕೊಡಬಹುದು. ಇಷ್ಟು ಓದಿದರೆ ರೈತನ ಪರವಾಗೇ ಇದೆ.

ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಇನ್ನೊಂದು ಬಾಗಿಲು ಹಾಕಿದೆ. ವನ್ಯಧಾಮದಿಂದ 10 ಕಿ.ಮೀ. ಒಳಗೆ ಹೊಸ ಕೋವಿ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ವಾರ್ಡನ್ ಅವರ ಒಪ್ಪಿಗೆ ಮೊದಲೇ ಬೇಕು. ಈಗಾಗಲೇ ಲೈಸೆನ್ಸ್ ಇರುವವರೂ ಅವರ ಬಳಿ ಹೆಸರು ನೋಂದಾಯಿಸಬೇಕು.

ಈಗ ನಮ್ಮ ನಕ್ಷೆ ನೋಡಿ. ಒಂದು ಕಡೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಆರ್‌ಟಿ. ಇನ್ನೊಂದು ಕಡೆ 2013ರಲ್ಲಿ ಘೋಷಣೆಯಾದ, 906 ಚದರ ಕಿ.ಮೀ. ವಿಸ್ತಾರದ ಮಲೆ ಮಹದೇಶ್ವರ ವನ್ಯಧಾಮ. ಅದಕ್ಕೆ ಹೊಂದಿಕೊಂಡಂತೆ ಕಾವೇರಿ ವನ್ಯಧಾಮ. ಇವುಗಳ ಸುತ್ತ 10 ಕಿ.ಮೀ. ಗೆರೆ ಎಳೆದರೆ ಹನೂರು ತಾಲ್ಲೂಕಿನ ಬಹುಭಾಗ, ಯಳಂದೂರು ಮತ್ತು ಕೊಳ್ಳೇಗಾಲದ ಕಾಡಂಚಿನ ಊರುಗಳು ಆ ಗೆರೆ ಒಳಗೇ ಬೀಳ್ತವೆ.

ಅಂದ್ರೆ ಈ ಭಾಗದ ಲೈಸೆನ್ಸ್ ಸಂಖ್ಯೆ ಎಷ್ಟೇ ಇರಲಿ, ಅದು ರೈತರಿಗೆ ಎಷ್ಟು ಕೋವಿ ಬೇಕು ಅನ್ನೋದರ ಅಳತೆ ಅಲ್ಲ. ಎಷ್ಟು ಕೋವಿ ಇವೆ ಅನ್ನೋದರ ಅಳತೆಯೂ ಅಲ್ಲ. ಸರ್ಕಾರ ಎಷ್ಟಕ್ಕೆ ಒಪ್ಪಿಗೆ ಕೊಟ್ಟಿದೆ ಅನ್ನೋದರ ಅಳತೆ ಅಷ್ಟೇ. ಕಾಡಿನ ದಾರಿಯಲ್ಲಿ ಸಿಗುವ ನಾಡಬಂದೂಕಿಗೆ ಲೈಸೆನ್ಸ್ ಇರೋದಿಲ್ಲ, ಅದು ಯಾವ ರಿಜಿಸ್ಟರ್‌ನಲ್ಲೂ ಕಾಣೋದಿಲ್ಲ. ಹಾಗಾಗಿ ‘ನಮ್ಮಲ್ಲಿ ಲೈಸೆನ್ಸ್ ಕಡಿಮೆ, ಅದಕ್ಕೇ ಶಾಂತಿ ಇದೆ’ ಅನ್ನೋದೂ ತಪ್ಪು. ‘ಲೈಸೆನ್ಸ್ ಕೇಳುವವರೇ ಕಡಿಮೆ, ಬೇಡಿಕೆ ಇಲ್ಲ’ ಅನ್ನೋದೂ ತಪ್ಪು.

ದೇಶದ ಮಟ್ಟದಲ್ಲೂ ಇದೇ ಕತೆ. 2016ರ ಕೊನೆಗೆ ದೇಶದಲ್ಲಿ ಸುಮಾರು 33.69 ಲಕ್ಷ ಸಕ್ರಿಯ ಕೋವಿ ಲೈಸೆನ್ಸ್‌ಗಳಿದ್ದವು ಅಂತ ಕೇಂದ್ರ ಗೃಹ ಸಚಿವಾಲಯದ ಲೆಕ್ಕ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೇ ಸಂಸ್ಥೆ 2017ಕ್ಕೆ ಕೊಟ್ಟ ಅಂದಾಜಿನ ಪ್ರಕಾರ ಭಾರತದ ನಾಗರಿಕರ ಬಳಿ ಇರುವ ಬಂದೂಕು ಸುಮಾರು 7.1 ಕೋಟಿ, ಅದರಲ್ಲಿ ಬಹುಪಾಲು ನೋಂದಣಿ ಇಲ್ಲದ್ದು. ಒಂದು ಲೈಸೆನ್ಸ್ ಎಣಿಕೆ, ಇನ್ನೊಂದು ಬಂದೂಕಿನ ಅಂದಾಜು. ಭಾಷಣದಲ್ಲಿ ಎರಡನ್ನೂ ‘ದೇಶದಲ್ಲಿರೋ ಬಂದೂಕು’ ಅಂತ ಹೇಳಿಬಿಡಬಹುದು. ವ್ಯತ್ಯಾಸ ಮಾತ್ರ 20 ಪಟ್ಟಿಗೂ ಹೆಚ್ಚು.

ಒಟ್ಟು ಬೇರೆ, ತಲಾ ಲೆಕ್ಕ ಬೇರೆ

ಅದೇ 2016ರ ಪಟ್ಟಿಯಲ್ಲಿ ಉತ್ತರ ಪ್ರದೇಶಕ್ಕೆ 12.77 ಲಕ್ಷ ಲೈಸೆನ್ಸ್‌ಗಳೊಂದಿಗೆ ಮೊದಲ ಸ್ಥಾನ. ಜಮ್ಮು ಮತ್ತು ಕಾಶ್ಮೀರಕ್ಕೆ 3.69 ಲಕ್ಷ. ಕರ್ನಾಟಕಕ್ಕೆ ಸುಮಾರು 1.13 ಲಕ್ಷ. ‘ಉತ್ತರ ಪ್ರದೇಶವೇ ಬಂದೂಕಿನ ರಾಜಧಾನಿ’ ಅಂತ ಶೀರ್ಷಿಕೆ ಬರೆಯೋದು ಸುಲಭ.

2011ರ ಜನಗಣತಿ ಇಟ್ಟುಕೊಂಡು ಭಾಗಾಕಾರ ಮಾಡಿದರೆ ಚಿತ್ರವೇ ಬೇರೆ. ಉತ್ತರ ಪ್ರದೇಶದಲ್ಲಿ ಸುಮಾರು 156 ಜನರಿಗೆ ಒಂದು ಲೈಸೆನ್ಸ್. ಜಮ್ಮು ಮತ್ತು ಕಾಶ್ಮೀರದಲ್ಲಿ 34 ಜನರಿಗೆ ಒಂದು. ಕರ್ನಾಟಕದಲ್ಲಿ 540 ಜನರಿಗೆ ಒಂದು. ಒಟ್ಟು ಸಂಖ್ಯೆ ಮಾತ್ರ ನೋಡಿದವರಿಗೆ ದೊಡ್ಡ ರಾಜ್ಯ ಯಾವಾಗಲೂ ಕೆಟ್ಟದ್ದಾಗಿಯೇ ಕಾಣುತ್ತೆ.

ತಲಾ ಲೆಕ್ಕಕ್ಕೂ ಒಂದು ಮಿತಿ ಇದೆ. ನಮ್ಮ ರಾಜ್ಯದೊಳಗೇ ಇರುವ ಕೊಡಗನ್ನು ನೋಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ವಿನಾಯಿತಿ ಇರುವ ಮನೆಯ ಕೋವಿ ಲೈಸೆನ್ಸ್ ಎಣಿಕೆಗೆ ಬರೋದೇ ಇಲ್ಲ. ಹಂಗಾಗಿ ಲೈಸೆನ್ಸ್ ಸಂಖ್ಯೆ ಹಿಡ್ಕೊಂಡು ಕೊಡಗನ್ನೂ ಚಾಮರಾಜನಗರವನ್ನೂ ಹೋಲಿಸಿದರೆ ಮಾವಿನ ಹಣ್ಣನ್ನು ಹಲಸಿನ ಹಣ್ಣಿನ ಜೊತೆ ತೂಗಿದಂಗೆ.

ಅಮೆರಿಕದ ಜಗಳದಿಂದ ಕಲಿಯೋದು

ಕೋವಿ ಬಗ್ಗೆ ಅಂಕಿ ಹಿಡಿದು ಅತಿ ಹೆಚ್ಚು ಜಗಳ ನಡೆದಿರೋದು ಅಮೆರಿಕದಲ್ಲಿ. ಅಲ್ಲಿನ ಎರಡು ಉದಾಹರಣೆ ನಮಗೂ ಉಪಯೋಗಕ್ಕೆ ಬರುತ್ತೆ.

ಒಂದು: 2021ರಲ್ಲಿ ಅಲ್ಲಿ ಗುಂಡೇಟಿನಿಂದ 48,830 ಜನ ಸತ್ತರು. ಕೋವಿ ನಿಯಂತ್ರಣ ಬೇಕು ಅನ್ನುವವರು ಈ ಸಂಖ್ಯೆ ಹೇಳ್ತಾರೆ. ಕೇಳಿದವರಿಗೆ ಇಷ್ಟೂ ಜನರ ಕೊಲೆಯಾಯ್ತು ಅನ್ನಿಸುತ್ತೆ. ಆದರೆ ಅದರಲ್ಲಿ 26,328 ಆತ್ಮಹತ್ಯೆ, 20,958 ಕೊಲೆ. ನಿಯಂತ್ರಣ ಬೇಡ ಅನ್ನುವವರು ಆತ್ಮಹತ್ಯೆಗಳನ್ನು ಕಳೆದುಬಿಡಿ ಅಂತಾರೆ. ಅದೂ ಸರಿಯಲ್ಲ, ಯಾಕಂದ್ರೆ ಸಾವು ಸಾವೇ. ಸರಿಯಾದ ದಾರಿ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯೋದು. ಯಾಕಂದ್ರೆ ಎರಡಕ್ಕೂ ಬೇಕಾದ ಪರಿಹಾರ ಬೇರೆ ಬೇರೆ.

ಎರಡು: ಕೋವಿಯಿಂದ ಆತ್ಮರಕ್ಷಣೆ ಮಾಡಿಕೊಂಡವರು ವರ್ಷಕ್ಕೆ 25 ಲಕ್ಷದವರೆಗೆ ಅಂತ 1995ರಲ್ಲಿ ಪ್ರಕಟವಾದ ಕ್ಲೆಕ್ ಮತ್ತು ಗೆರ್ಟ್ಜ್ ಅವರ ಅಧ್ಯಯನ ಹೇಳಿತು. ಸರ್ಕಾರದ ಅಪರಾಧ ಸಂತ್ರಸ್ತರ ಸಮೀಕ್ಷೆ ಪ್ರಕಾರ ಅದು ಸುಮಾರು 1 ಲಕ್ಷದ ಆಸುಪಾಸು. ಇಷ್ಟು ಅಂತರ ಯಾಕೆ? ಮೊದಲ ಅಧ್ಯಯನ ಸುಮಾರು 5,000 ಜನರಿಗೆ ಫೋನ್ ಮಾಡಿ ಕೇಳಿದ್ದು. ಹೌದು ಅಂದವರು ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಅದನ್ನೇ ಇಡೀ ದೇಶಕ್ಕೆ ಗುಣಿಸಿದಾಗ ಲಕ್ಷಗಟ್ಟಲೆ ಆಯ್ತು. ನೂರರಲ್ಲಿ ಒಬ್ಬ ತಪ್ಪು ಹೇಳಿದರೂ, ಹಳೇ ಘಟನೆಯನ್ನು ಈ ವರ್ಷದ್ದು ಅಂದುಕೊಂಡರೂ ಉತ್ತರ ತಲೆಕೆಳಗಾಗುತ್ತೆ. ಇನ್ನೊಂದು ಸಮೀಕ್ಷೆ, ಮೊದಲು ಅಪರಾಧಕ್ಕೆ ಗುರಿಯಾದೆ ಅಂದವರನ್ನು ಮಾತ್ರ ಈ ಪ್ರಶ್ನೆ ಕೇಳುತ್ತೆ. ಅಲ್ಲಿ ಕೆಲವರು ತಪ್ಪಿಸಿಕೊಳ್ಳಬಹುದು.

ಇದನ್ನು ನಮ್ಮ ಊರಿಗೆ ತಂದರೆ: ರೈತರ ಸಭೆಯಲ್ಲಿ ‘ಕೋವಿ ಶಬ್ದದಿಂದ ಬೆಳೆ ಉಳೀತು’ ಅಂತ ಕೈ ಎತ್ತಿದವರನ್ನು ಎಣಿಸಿ, ಇಡೀ ತಾಲ್ಲೂಕಿಗೆ ಗುಣಿಸಿದರೆ ಬರುವ ಸಂಖ್ಯೆ ದೊಡ್ಡದಾಗಿ ಕಾಣುತ್ತೆ, ಆದರೆ ಗಟ್ಟಿ ಇರೋದಿಲ್ಲ. ಅರಣ್ಯ ಇಲಾಖೆಗೆ ಬಂದ ದೂರಿನಷ್ಟೇ ಬೆಳೆ ಹಾನಿ ಆಗಿದೆ ಅನ್ನೋದೂ ಅಷ್ಟೇ ಪೊಳ್ಳು. ಪರಿಹಾರದ ಅರ್ಜಿಗೆ ಓಡಾಡೋದೇ ಬೇಡ ಅಂತ ಸುಮ್ಮನಾದ ರೈತ ಆ ಲೆಕ್ಕದಲ್ಲಿ ಇರೋದಿಲ್ಲ.

ಸುಳ್ವಾಡಿ, ಮೀಣ್ಯಂ: ಕೋವಿ ಕಾಲಂನಲ್ಲಿ ಸಿಗದ ಸಾವು

ಹನೂರು ಭಾಗದ ಇತ್ತೀಚಿನ ವರ್ಷಗಳ ಎರಡು ದೊಡ್ಡ ದುರಂತ ನೆನಪಿಸಿಕೊಳ್ಳಿ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮ ದೇವಸ್ಥಾನದಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಜನ ತೀರಿಕೊಂಡರು. 2025ರ ಜೂನ್ 26ರಂದು ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತು ಬಿದ್ದಿದ್ದವು. ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು ಅನ್ನೋದು ತನಿಖೆಯಲ್ಲಿ ಹೊರಬಂತು.

ಎರಡರಲ್ಲೂ ಒಂದು ಗುಂಡೂ ಹಾರಿಲ್ಲ. ‘ಕೋವಿಯಿಂದ ಸತ್ತವರು’ ಅನ್ನುವ ಪಟ್ಟಿ ತೆಗೆದರೆ ಎರಡೂ ಸೊನ್ನೆ.

ಆನೆಗಳ ವಿಷಯದಲ್ಲೂ ಹೀಗೇ. 2024ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ, ಐದು ವರ್ಷದಲ್ಲಿ ದೇಶದಲ್ಲಿ 528 ಆನೆಗಳು ಅಸಹಜವಾಗಿ ಸತ್ತಿವೆ. ವಿದ್ಯುತ್ ತಗುಲಿ 392, ರೈಲಿಗೆ ಸಿಕ್ಕಿ 73, ಬೇಟೆಗೆ 50, ವಿಷಕ್ಕೆ 13. ವಿದ್ಯುತ್‌ಗೆ ಸತ್ತವುಗಳಲ್ಲಿ ಕರ್ನಾಟಕದ್ದು 52. ಅದೇ ಐದು ವರ್ಷದಲ್ಲಿ ಆನೆ ದಾಳಿಗೆ ದೇಶದಲ್ಲಿ 2,853 ಜನ ಪ್ರಾಣ ಬಿಟ್ಟಿದ್ದಾರೆ ಅನ್ನೋದನ್ನೂ ಮರೆಯೋ ಹಾಗಿಲ್ಲ.

ಇದನ್ನು ಓದಿದ ಕೂಡಲೇ ‘ನೋಡಿ, ಕೋವಿ ಸಮಸ್ಯೆನೇ ಅಲ್ಲ, ಲೈಸೆನ್ಸ್ ಬಿಡಿ’ ಅನ್ನಬಹುದು. ಅವಸರ ಬೇಡ. ಬೇಟೆಯ ಸಂಖ್ಯೆ ಕಡಿಮೆ ಇರೋದು ಕೋವಿ ಮೇಲೆ ಬಿಗಿ ಇರೋದಕ್ಕೇ ಇರಬಹುದು. ಕೊಡೆ ಹಿಡಿದವನು ‘ನಾನು ನೆನೆದಿಲ್ಲ, ಹಂಗಾದ್ರೆ ಕೊಡೆ ಯಾಕೆ’ ಅಂದಂಗೆ ಆಗುತ್ತೆ. ಸಣ್ಣ ಸಂಖ್ಯೆ ಒಂದು ನಿಯಮ ಕೆಲಸ ಮಾಡಿದ್ದಕ್ಕೂ ಸಾಕ್ಷಿಯಾಗಬಹುದು, ಬೇಡ ಅನ್ನೋದಕ್ಕೂ ಆಗಬಹುದು. ಆ ಸಂಖ್ಯೆಯೊಂದನ್ನೇ ನೋಡಿ ಯಾವುದು ಅಂತ ಹೇಳೋಕಾಗಲ್ಲ.

ಇದರ ಎದುರು ವಾದವನ್ನೂ ಅಷ್ಟೇ ಜಾಗ್ರತೆಯಿಂದ ನೋಡಬೇಕು. ‘ಕೋವಿ ಸಿಗದಿದ್ದರೆ ರೈತ ವಿಷ ಹಾಕ್ತಾನೆ, ತಂತಿಗೆ ಕರೆಂಟ್ ಬಿಡ್ತಾನೆ, ಅದಕ್ಕೆ ಕೋವಿ ಕೊಡಿ’ ಅನ್ನುವ ಮಾತು ಕೇಳಿ ಬರುತ್ತೆ. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿ ಹಿಡೀತಾರೆ ಅನ್ನೋದು ಕೆಲವೊಮ್ಮೆ ನಿಜ. ಯಾವಾಗಲೂ ಅಲ್ಲ. ಶ್ರೀಲಂಕಾ ಅತಿ ವಿಷದ ಕೀಟನಾಶಕಗಳನ್ನು ಹಂತ ಹಂತವಾಗಿ ನಿಷೇಧಿಸಿದ ಮೇಲೆ ಅಲ್ಲಿ ಆತ್ಮಹತ್ಯೆಯ ಪ್ರಮಾಣವೇ ಅರ್ಧಕ್ಕಿಂತ ಕೆಳಗೆ ಇಳಿಯಿತು. ಎಲ್ಲರೂ ಬೇರೆ ದಾರಿ ಹುಡುಕಿಕೊಳ್ಳಲಿಲ್ಲ. ಕೈಗೆ ಸಿಗುವ ಸಾಧನ ಯಾವುದು ಅನ್ನೋದು ಮುಖ್ಯ ಅಂತ ಅದು ತೋರಿಸಿತು. ಆ ತರ್ಕದ ಪ್ರಕಾರ ನಮ್ಮ ಭಾಗದಲ್ಲಿ ಕೋವಿಗೆ ಇರುವಷ್ಟು ಬಿಗಿ, ಅಂಗಡಿಯಲ್ಲಿ ಸಿಗುವ ವಿಷಕ್ಕೂ ಅಕ್ರಮ ವಿದ್ಯುತ್ ತಂತಿಗೂ ಇದೆಯಾ ಅನ್ನೋದೇ ದೊಡ್ಡ ಪ್ರಶ್ನೆ.

ಕೇಸ್ ಜಾಸ್ತಿ ಅಂದ್ರೆ ಅಪರಾಧ ಜಾಸ್ತಿನಾ?

‘ಜಿಲ್ಲೆಯಲ್ಲಿ ಶಸ್ತ್ರಾಸ್ತ್ರ ಕಾಯ್ದೆ ಪ್ರಕರಣ ಶೇ 100 ಏರಿಕೆ’ ಅಂತ ಸುದ್ದಿ ಬಂದರೆ ಮೊದಲು ಕೇಳಬೇಕಾದ್ದು, ಎಷ್ಟರಿಂದ ಎಷ್ಟಕ್ಕೆ? ಒಂದಿದ್ದದ್ದು ಎರಡಾದರೂ ಶೇ 100. ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 10.20 ಲಕ್ಷ. ಇಷ್ಟು ಸಣ್ಣ ಜಿಲ್ಲೆಯಲ್ಲಿ ಒಂದೇ ಘಟನೆ ಇಡೀ ವರ್ಷದ ಪಟ್ಟಿಯನ್ನು ಅಲ್ಲಾಡಿಸುತ್ತೆ. ಸುಳ್ವಾಡಿಯ ಒಂದು ದಿನ 2018ರ ಲೆಕ್ಕವನ್ನೇ ಬದಲಿಸಿತು. ಮರುವರ್ಷ ಸಂಖ್ಯೆ ಇಳಿದರೆ ಅದು ಯಾರ ಸಾಧನೆಯೂ ಅಲ್ಲ. ತಾಲ್ಲೂಕಿನ ಮಟ್ಟದಲ್ಲಿ ಒಂದು ವರ್ಷವನ್ನು ಇನ್ನೊಂದು ವರ್ಷಕ್ಕೆ ಹೋಲಿಸೋ ಬದಲು ಐದು, ಹತ್ತು ವರ್ಷ ಒಟ್ಟಿಗೆ ನೋಡೋದೇ ವಾಸಿ.

ಇನ್ನು ಕೇಸ್‌ಗಳ ವಿಷಯ. ಶಸ್ತ್ರಾಸ್ತ್ರ ಕಾಯ್ದೆ ಅಂದ್ರೆ ಕೋವಿ ಮಾತ್ರ ಅಲ್ಲ. ಕತ್ತಿ, ಚೂರಿಗಳ ಪ್ರಕರಣವೂ ಅದರಡಿ ಬರುತ್ತೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧ ಇದ್ದರೆ ಅತಿ ಗಂಭೀರವಾದ ಒಂದನ್ನು ಮಾತ್ರ ಎಣಿಸುತ್ತೆ. ಅಕ್ರಮ ಕೋವಿಯಿಂದ ಕೊಲೆಯಾದರೆ ಅದು ಕೊಲೆಯ ಕಾಲಂಗೆ ಹೋಗುತ್ತೆ, ಶಸ್ತ್ರಾಸ್ತ್ರದ ಕಾಲಂಗೆ ಅಲ್ಲ. ಕಾಡಿನೊಳಗೆ ಬೇಟೆಗಾರನ ಹತ್ತಿರ ನಾಡಬಂದೂಕು ಸಿಕ್ಕಿ ಅರಣ್ಯ ಇಲಾಖೆ ವನ್ಯಜೀವಿ ಕಾಯ್ದೆಯಡಿ ಕೇಸ್ ಹಾಕಿದರೆ ಅದು ಇನ್ನೊಂದು ಇಲಾಖೆಯ ಪುಸ್ತಕದಲ್ಲಿ ಇರುತ್ತೆ. ಎರಡೂ ಪುಸ್ತಕ ಒಂದೇ ಮೇಜಿನ ಮೇಲೆ ಬರದಿದ್ದರೆ ಪೂರ್ತಿ ಚಿತ್ರ ಸಿಗೋದಿಲ್ಲ.

ಜೊತೆಗೆ, ವಶಪಡಿಸಿಕೊಂಡ ಕೋವಿಗಳ ಸಂಖ್ಯೆ ಅಪರಾಧಕ್ಕಿಂತ ಹೆಚ್ಚಾಗಿ ಗಸ್ತನ್ನು ಅಳೆಯುತ್ತೆ. ಎರಡು ಕ್ಯಾಂಪ್ ಹೆಚ್ಚಿದರೆ ಎರಡು ಕೋವಿ ಹೆಚ್ಚು ಸಿಗಬಹುದು. ಸಿಬ್ಬಂದಿ ಕಡಿಮೆಯಾದ ವರ್ಷ ಸಂಖ್ಯೆಯೂ ಕಡಿಮೆ, ಕಾಗದದ ಮೇಲೆ ಕಾಡು ಸುರಕ್ಷಿತ.

ವೀರಪ್ಪನ್ ಕಾಲದ ಸಂಖ್ಯೆಗಳು

ಈ ಭಾಗದಲ್ಲಿ ಕೋವಿ ಅಂದ ಕೂಡಲೇ ಬರುವ ಹೆಸರು ವೀರಪ್ಪನ್. 1992ರಲ್ಲಿ ರಾಮಾಪುರ ಠಾಣೆ ಮೇಲೆ ದಾಳಿ, ಅದೇ ವರ್ಷ ಆಗಸ್ಟ್‌ನಲ್ಲಿ ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹಮದ್ ಅವರ ಹತ್ಯೆ, 1993ರ ಏಪ್ರಿಲ್‌ನಲ್ಲಿ ಪಾಲಾರ್ ಸ್ಫೋಟ, 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರ ಅಪಹರಣ ಮತ್ತು ಸಾವು. ಇಲ್ಲಿನ ಹಿರಿಯರಿಗೆ ಇವು ಅಂಕಿಗಳಲ್ಲ.

ಆದರೆ ಅಂಕಿಯ ವಿಷಯಕ್ಕೆ ಬಂದರೆ ಆ ಕಾಲವೂ ಎರಡು ಪಾಠ ಹೇಳುತ್ತೆ. ‘2,000 ಆನೆ ಕೊಂದವನು’ ಅನ್ನುವ ಮಾತು ಪತ್ರಿಕೆ, ಸಿನಿಮಾ, ಭಾಷಣ ಎಲ್ಲಾ ಕಡೆ ಬಂದಿದೆ. ಅದು ಅಂದಾಜು, ಕಳೇಬರ ಒಂದೊಂದಾಗಿ ಎಣಿಸಿ ಬಂದ ಸಂಖ್ಯೆ ಅಲ್ಲ. ಹೆಚ್ಚು ಸಲ ಹೇಳಿದ್ದಕ್ಕೆ ಅದು ಗಟ್ಟಿಯಾಗಿ ಕೇಳಿಸುತ್ತೆ ಅಷ್ಟೇ. ಎರಡನೆಯದು, ಆ ಹಿಂಸೆಯಲ್ಲಿ ಬಳಕೆಯಾದದ್ದು ಅಕ್ರಮ ಬಂದೂಕು, ದೋಚಿದ ಶಸ್ತ್ರ, ಸ್ಫೋಟಕ. ಲೈಸೆನ್ಸ್ ರಿಜಿಸ್ಟರ್ ತಿರುವಿ ಹಾಕಿದರೆ ಆ ದಶಕದ ಭಯ ಅಳೆಯೋಕಾಗಲ್ಲ. ಹಾಗಾಗಿ ಬೆಳೆ ಕಾಯುವ ಕೋವಿಗೆ ಬೇಡ ಅನ್ನೋದಕ್ಕೆ ವೀರಪ್ಪನ್ ಹೆಸರು ತರೋದು ಸುಲಭದ ವಾದ, ಸರಿಯಾದ ವಾದ ಅಲ್ಲ.

ಕೋವಿ ಸಿಕ್ಕರೂ ಏನು ಮಾಡಬಹುದು?

ಚರ್ಚೆಯಲ್ಲಿ ಕಡಿಮೆ ಬರುವ ವಿಷಯ ಇದು. ಲೈಸೆನ್ಸ್ ಇದ್ದರೂ ಬೆಳೆ ತಿಂತು ಅನ್ನೋ ಕಾರಣಕ್ಕೆ ಕಾಡುಪ್ರಾಣಿಗೆ ಗುಂಡು ಹೊಡೆಯುವ ಹಾಗಿಲ್ಲ. ಆನೆಯಂಥ ಪರಿಶಿಷ್ಟ 1ರ ಪ್ರಾಣಿಯ ವಿಷಯದಲ್ಲಿ, ಅದು ಮನುಷ್ಯರ ಜೀವಕ್ಕೆ ಅಪಾಯ ಆದಾಗ ಅಥವಾ ಚೇತರಿಸಿಕೊಳ್ಳದ ಸ್ಥಿತಿಗೆ ಹೋದಾಗ ಮಾತ್ರ ಮುಖ್ಯ ವನ್ಯಜೀವಿ ವಾರ್ಡನ್ ಆದೇಶ ಕೊಡಬಹುದು. ಕೇರಳ 2022ರಲ್ಲಿ ಕಾಡುಹಂದಿ ವಿಷಯದಲ್ಲಿ ಸ್ಥಳೀಯ ಸಂಸ್ಥೆಗಳಿಗೇ ಅಧಿಕಾರ ಕೊಟ್ಟಿತು, ಅದೂ ಲೈಸೆನ್ಸ್ ಇರುವವರ ಮೂಲಕ, ಷರತ್ತಿನ ಮೇಲೆ. ಅಂಥ ಆದೇಶ ಇಲ್ಲದ ಕಡೆ ಬೆಳೆ ರಕ್ಷಣೆಯ ಕೋವಿಯ ಕೆಲಸ ಶಬ್ದ ಮಾಡೋದು, ಅಷ್ಟೇ.

2023ರ ಗಣತಿ ಅಂದಾಜಿನ ಪ್ರಕಾರ ಮಲೆ ಮಹದೇಶ್ವರ ವನ್ಯಧಾಮದಲ್ಲಿ 706, ಬಿಆರ್‌ಟಿಯಲ್ಲಿ 619 ಆನೆಗಳಿವೆ. ಇವಕ್ಕೆ ಶಬ್ದ ಎಷ್ಟು ದಿನ ಸಾಕು? ರೈಲ್ವೆ ಕಂಬಿ ತಡೆ, ಸೋಲಾರ್ ಬೇಲಿ, ಕಂದಕ ಇರುವ ಊರಿಗೂ ಇಲ್ಲದ ಊರಿಗೂ ಹಾನಿಯ ವ್ಯತ್ಯಾಸ ಎಷ್ಟು? ಕೋವಿ ಬೇಕು ಬೇಡ ಅನ್ನುವ ವಾದಕ್ಕೆ ನಿಜವಾಗಿ ಬೇಕಾದ ಲೆಕ್ಕ ಇದು.

ಗ್ರಾಮಸಭೆಯಲ್ಲಿ ಕೇಳಬೇಕಾದ ಐದು ಲೆಕ್ಕ

ಈ ಮಾಹಿತಿ ಪೊಲೀಸ್, ಅರಣ್ಯ ಮತ್ತು ಕಂದಾಯ ಇಲಾಖೆಗಳ ಕಡತಗಳಲ್ಲಿ ಹಂಚಿಹೋಗಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಕೇಳಬಹುದು, ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಯೂ ಕೇಳಬಹುದು.

1. ತಾಲ್ಲೂಕುವಾರು ಬೆಳೆ ರಕ್ಷಣೆಯ ಲೈಸೆನ್ಸ್ ಎಷ್ಟು? ಹತ್ತು ವರ್ಷದಲ್ಲಿ ಬಂದ ಅರ್ಜಿ, ಒಪ್ಪಿದ್ದು, ತಿರಸ್ಕರಿಸಿದ್ದು, ಉತ್ತರ ಕೊಡದೇ ಇಟ್ಟದ್ದು ಎಷ್ಟು?

2. ಪೊಲೀಸ್ ಮತ್ತು ಅರಣ್ಯ ಇಲಾಖೆ ಸೇರಿ ವಶಪಡಿಸಿಕೊಂಡ ಕೋವಿಗಳಲ್ಲಿ ಲೈಸೆನ್ಸ್ ಇದ್ದದ್ದು ಎಷ್ಟು, ಇಲ್ಲದ್ದು ಎಷ್ಟು?

3. ಕಾಡುಪ್ರಾಣಿಗಳ ಅಸಹಜ ಸಾವಿನಲ್ಲಿ ಗುಂಡು, ವಿಷ, ವಿದ್ಯುತ್, ಉರುಳು ಬೇರೆ ಬೇರೆಯಾಗಿ ಎಷ್ಟು?

4. ಊರುವಾರು ಬೆಳೆ ಹಾನಿ ದೂರು ಎಷ್ಟು, ಪರಿಹಾರ ಸಿಕ್ಕಿದ್ದು ಎಷ್ಟಕ್ಕೆ, ಎಷ್ಟು ದಿನಕ್ಕೆ?

5. ತಡೆ ಇರುವ ಊರು, ಇಲ್ಲದ ಊರುಗಳ ಹಾನಿ ಎಷ್ಟು?

ಎರಡನೇ ಲೆಕ್ಕದಲ್ಲಿ ಸಿಕ್ಕ ಕೋವಿಗಳೆಲ್ಲ ನಾಡಬಂದೂಕೇ ಅಂತ ಬಂದರೆ, ಲೈಸೆನ್ಸ್ ಇರುವ ರೈತನ ಮೇಲಿನ ಅನುಮಾನ ಕಡಿಮೆ ಆಗಬೇಕು. ಲೈಸೆನ್ಸ್ ಕೋವಿಯೂ ಬೇಟೆಗೆ ಹೋಗಿದೆ ಅಂತ ಬಂದರೆ, 10 ಕಿ.ಮೀ. ನಿಯಮದ ಬಿಗಿಗೆ ಅರ್ಥ ಇದೆ ಅಂತ ರೈತ ಸಂಘಗಳೂ ಒಪ್ಪಬೇಕು. ಐದನೇ ಲೆಕ್ಕದಲ್ಲಿ ತಡೆ ಇರುವ ಊರು ಉಳಿದಿದೆ ಅಂತ ಬಂದರೆ, ದುಡ್ಡು ಎಲ್ಲಿಗೆ ಹೋಗಬೇಕು ಅನ್ನೋದು ಗೊತ್ತಾಗುತ್ತೆ. ಉತ್ತರ ಯಾರ ಪರವಾಗಿ ಬರುತ್ತೋ ಅದು ಲೆಕ್ಕ ಹೊರಬಂದ ಮೇಲಿನ ಮಾತು.

ಅಲ್ಲಿವರೆಗೆ ಯಾರಾದರೂ ಒಂದು ದೊಡ್ಡ ಸಂಖ್ಯೆ ಹೇಳಿ ವಾದ ಮುಗಿಸೋಕೆ ನೋಡಿದರೆ ಮೂರು ಮಾತು ಕೇಳಿ: ಎಷ್ಟು ಜನರಲ್ಲಿ? ಎಷ್ಟು ವರ್ಷದ್ದು? ಎಣಿಸಿದವರು ಯಾರು? ಅಟ್ಟಣೆ ಮೇಲೆ ರಾತ್ರಿ ಕಳೆಯುವವರ ಜೀವನವೂ ಕಾಡಿನ ಪ್ರಾಣಿಗಳ ಜೀವವೂ ಈ ಲೆಕ್ಕದ ಮೇಲೆ ನಿಂತಿರುವಾಗ, ಇಷ್ಟು ಕೇಳೋದು ಹೆಚ್ಚೇನಲ್ಲ.